ಬರೆದ ಕೈಯೇ ಬಿಡಿಸಿದಾಗ: ಹಾವೇರಿ ಸೀಮೆಯ ನಗೆಯ ಅದ್ಭುತಕಥೆ ಕುರಿತು ಒಂದು ಟಿಪ್ಪಣಿ

ತಾನೇ ಕಟ್ಟಿದ ನಗೆಯ ಅದ್ಭುತಕಥೆಗೆ ತಾನೇ ಚಿತ್ರ ಬರೆದು, ತಾನೇ ಅಚ್ಚು ಹಾಕಿಸಿ ಮಾರುವ ಲೇಖಕ ಕಂಪ್ಯೂಟರ್ ಕಾಲದ ಹೊಸ ಹುಟ್ಟು ಎಂದೇ ಹಲವರು ತಿಳಿದಿದ್ದಾರೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಮಟ್ಟಿಗೆ ಈ ತಿಳಿವಳಿಕೆ ಅರ್ಧ ಮಾತ್ರ ಸರಿ. ಚಿತ್ರದಲ್ಲಿ ಕಥೆ ಹೇಳುವುದು, ಅಸಂಭವವನ್ನು ನಗೆಯಾಗಿಸುವುದು, ಬರೆದದ್ದನ್ನು ಬರೆದವರೇ ಓದುಗರ ಬಾಗಿಲಿಗೆ ಮುಟ್ಟಿಸುವುದು, ಈ ಮೂರಕ್ಕೂ ಈ ಸೀಮೆಯಲ್ಲಿ ಗಟ್ಟಿ ಆಧಾರಗಳಿವೆ. ಆದರೆ ಅವು ಬೇರೆ ಬೇರೆ ಕೈಗಳಲ್ಲಿ, ಬೇರೆ ಬೇರೆ ಶತಮಾನಗಳಲ್ಲಿ ಸಿಗುತ್ತವೆ. ಅದ್ಭುತಕಥೆಯಲ್ಲಿ ಯಾವುದನ್ನು ಮಾತಿಗೆ ಬಿಡಬೇಕು, ಯಾವುದನ್ನು ಗೆರೆಗೆ ಬಿಡಬೇಕು ಎಂಬ ತೀರ್ಮಾನ ಒಬ್ಬರದೇ ಆದಾಗ ಕೃತಿಗೆ ಬರುವ ಬಿಗಿ ಬೇರೆ ರೀತಿಯಲ್ಲಿ ಬರುವುದು ಕಷ್ಟ ಎಂಬುದು ಇಲ್ಲಿ ನನ್ನ ವಾದ.

ಮೊದಲು ಹಿರೇಕೆರೂರು ತಾಲ್ಲೂಕಿನ ಅಬಲೂರು. ಸರ್ವಜ್ಞನ ಹೆಸರಿನೊಂದಿಗೆ ತಳಕು ಹಾಕಿಕೊಂಡಿರುವ ಈ ಊರಿನ ಸೋಮೇಶ್ವರ ಗುಡಿಯಲ್ಲಿ ಸುಮಾರು 1200ರ ಒಂದು ದೊಡ್ಡ ಶಾಸನವಿದೆ. ಜೆ.ಎಫ್. ಫ್ಲೀಟ್ ಇದನ್ನು ‘ಎಪಿಗ್ರಾಫಿಯಾ ಇಂಡಿಕಾ’ದ 5ನೆಯ ಸಂಪುಟದಲ್ಲಿ ಸಂಪಾದಿಸಿದರು. ಶಿವಭಕ್ತ ಏಕಾಂತದ ರಾಮಯ್ಯ ಜೈನರಿಂದ ಓಲೆಯ ಮೇಲೆ ಪಂಥ ಬರೆಸಿಕೊಂಡು ತಲೆ ಕೊಯ್ದುಕೊಂಡದ್ದು, ಏಳು ದಿನಗಳ ಮೇಲೆ ಅದು ಮತ್ತೆ ಕೂಡಿಕೊಂಡದ್ದು, ಅರಸ ಬಿಜ್ಜಳನಿಂದ ಜಯಪತ್ರ ಪಡೆದದ್ದು ಅದರಲ್ಲಿದೆ. ಹಾನಗಲ್ಲ ಕದಂಬರ ಕಾಮದೇವ ಗುಡಿಗೆ ದತ್ತಿ ಬಿಟ್ಟದ್ದೂ ಇದೆ. ನಮ್ಮ ವಿಷಯಕ್ಕೆ ಬೇಕಾದದ್ದು ಅದೇ ಗುಡಿಯ ಶಿಲ್ಪಪಟ್ಟಿಕೆಗಳು. ಕಥೆಯ ಘಟನೆಗಳನ್ನು ಕಲ್ಲಿನಲ್ಲಿ ಬಿಡಿಸಿ, ಪಕ್ಕದಲ್ಲೇ ಕನ್ನಡದಲ್ಲಿ ಸಣ್ಣ ಬರಹ ಕೆತ್ತಿದ್ದಾರೆ. ಆಳು ಕುದುರೆಗಳನ್ನು ಒಡ್ಡಿ ನಿಂತ ಜೈನರ ಮುಂದಾಳು ಶಂಕಗಾವುಂಡನನ್ನು ಗೆದ್ದು ರಾಮಯ್ಯ ಜಿನಬಿಂಬವನ್ನೊಡೆದು ಲಿಂಗವನ್ನು ನಿಲ್ಲಿಸಿದ್ದು ಇಲ್ಲಿ ಎಂದು ಆ ಬರಹ ಸೂಚಿಸುತ್ತದೆ.

ಬರಹದ ಮಿತವ್ಯಯ ಗಮನಿಸಬೇಕು. ಕುದುರೆ ಹೇಗಿತ್ತು, ಯಾರು ಎಷ್ಟು ಎತ್ತರ ಎಂಬುದನ್ನೆಲ್ಲ ಅದು ಹೇಳುವುದಿಲ್ಲ. ಅದು ಉಳಿಯ ಕೆಲಸ. ಯಾರು, ಏನು ಮಾಡಿದರು, ಎಲ್ಲಿ ಎಂಬುದನ್ನು ಮಾತ್ರ ಹೇಳುತ್ತದೆ. ಅದು ಉಳಿಗೆ ಆಗದ ಕೆಲಸ. ಚಿತ್ರಕಥೆ ಬರೆಯುವವರು ಇಂದು ವರ್ಷಗಟ್ಟಲೆ ತಿದ್ದಿ ಕಲಿಯುವ ಪಾಠ ಇದು. ಇದರ ಜೊತೆಗೆ ಇನ್ನೊಂದನ್ನೂ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಇದು ಗೆದ್ದವರ ಕಥನ. ಅಬಲೂರಿನ ಜೈನರ ಮಾತು ಈ ಗೋಡೆಯ ಮೇಲೆ ಇಲ್ಲ. ಕಲ್ಲು, ಉಳಿ, ಜಾಗ ಯಾರ ಕೈಯಲ್ಲಿತ್ತೋ ಅವರ ಕಥೆ ಉಳಿಯಿತು. ಪ್ರಕಟಣೆಯ ಸಾಧನ ಯಾರ ಬಳಿ ಇದೆ ಎಂಬ ಪ್ರಶ್ನೆ ಅಚ್ಚುಯಂತ್ರಕ್ಕಿಂತ ಬಹಳ ಹಳೆಯದು.

ಹಾನಗಲ್ಲಿನ ವೀರಗಲ್ಲುಗಳನ್ನು ಇಲ್ಲಿ ಚಿಕ್ಕದಾಗಿ ನೆನೆದರೆ ಸಾಕು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಒಂದರ ಮೇಲೊಂದು ಚೌಕಟ್ಟಿಟ್ಟು ಕಾಲವನ್ನು ನಡೆಸುವ ಈ ರೀತಿ ಇಲ್ಲಿನ ರೈತನ ಕಣ್ಣಿಗೆ ಹೊಲದ ಬದುವಿನಲ್ಲೇ ರೂಢಿಯಾಗಿತ್ತು.

ಕಲ್ಲಿನ ಈ ಕಥನಗಳಲ್ಲಿ ಅದ್ಭುತವಿದೆ, ನಗೆಯಿಲ್ಲ. ನಗೆ ಹುಡುಕಲು ಶಿಗ್ಗಾಂವಿ ತಾಲ್ಲೂಕಿಗೆ ಹೋಗಬೇಕು. ಅಲ್ಲಿನ ಬಾಡದಲ್ಲಿ ಹುಟ್ಟಿದ ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ಸಾಮಾಜಿಕ ಸಮಾನತೆಯ ಕಾವ್ಯವೆಂದು ನಾವು ಸರಿಯಾಗಿಯೇ ಓದುತ್ತೇವೆ, ಆದರೆ ಅದರ ವಿನೋದವನ್ನು ಮರೆಯುತ್ತೇವೆ. ಲಂಕೆಯಿಂದ ಮರಳುವ ರಾಮನ ಮುಂದೆ ಧಾನ್ಯಗಳಲ್ಲಿ ಯಾವುದು ಮೇಲು ಎಂಬ ಮಾತು ಬರುತ್ತದೆ. ಭತ್ತ ಮತ್ತು ರಾಗಿ ಎದ್ದು ನಿಂತು ಒಂದರ ಕುಲವನ್ನು ಇನ್ನೊಂದು ಹಳಿಯುತ್ತವೆ. ದೇವತಾಕಾರ್ಯ, ಮದುವೆ ನನ್ನಿಂದ ಎನ್ನುತ್ತದೆ ಭತ್ತ. ಮಳೆ ಹೋದ ವರ್ಷ ಜನರನ್ನು ಬದುಕಿಸುವುದು ನಾನು, ಬಡವರತ್ತ ಕಣ್ಣೆತ್ತಿ ನೋಡದವನು ನೀನು ಎನ್ನುತ್ತದೆ ರಾಗಿ. ರಾಮ ಕೂಡಲೇ ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದಾಗ ಭತ್ತ ಬಲಗುಂದಿದೆ, ರಾಗಿ ಹಾಗೆಯೇ ಇದೆ.

ಚಕ್ರವರ್ತಿಯೊಬ್ಬ ಕಾಳುಗಳನ್ನು ಜೈಲಿಗೆ ಹಾಕುವ ಈ ಪ್ರಸಂಗಕ್ಕಿಂತ ಚೊಕ್ಕವಾದ ನಗೆಯ ಅದ್ಭುತಕಥೆ ನಮ್ಮಲ್ಲಿ ಅಪರೂಪ. ಇದಕ್ಕೆ ಚಿತ್ರ ಬರೆಯಲು ಕುಳಿತವರಿಗೆ ಮಾತ್ರ ಕೂಡಲೇ ತೊಡಕು. ಧಾನ್ಯಕ್ಕೆ ಕಣ್ಣು ಮೂಗು ಬರೆದರೆ ಮಕ್ಕಳ ಪುಸ್ತಕವಾಗಿ ಜಗಳದ ಮೊನೆ ಮೊಂಡಾಗುತ್ತದೆ. ಮನುಷ್ಯರನ್ನೇ ಬರೆದರೆ ಇದು ಕಾಳುಗಳ ಕಥೆ ಎಂಬ ವಿನೋದ ಕೈಬಿಡುತ್ತದೆ. ಸೆರೆಮನೆಯನ್ನು ಮನುಷ್ಯರ ಅಳತೆಗೇ ಬರೆದು, ದೊಡ್ಡ ಕಂಬಿಗಳ ಹಿಂದೆ ನೆಲದ ಮೇಲೆ ಎರಡೇ ಎರಡು ಸಣ್ಣ ರಾಶಿ ತೋರಿಸಿ, ಮಾತನ್ನೆಲ್ಲ ಬರಹಕ್ಕೆ ಬಿಡುವುದು ನನ್ನ ಮಟ್ಟಿಗೆ ಸರಿಯಾದ ದಾರಿ. ಅದು ಹಾಗೆ ಬರಬೇಕಾದರೆ ಬರೆಯುವವರು ತಮ್ಮ ವಾಕ್ಯಗಳಿಂದ ವರ್ಣನೆಯನ್ನು ಮುಂಚೆಯೇ ತೆಗೆದಿರಬೇಕು. ಬೇರೊಬ್ಬರು ಬಿಡಿಸುತ್ತಾರೆಂದು ಬರೆಯುವ ಲೇಖಕ ವರ್ಣನೆಯನ್ನು ತುಂಬುತ್ತಾನೆ, ಯಾಕೆಂದರೆ ತಪ್ಪು ತಿಳಿದಾರೆಂಬ ಅಂಜಿಕೆ ಅವನಿಗಿರುತ್ತದೆ.

ಅದೇ ತಾಲ್ಲೂಕಿನ ಶಿಶುನಾಳದ ಷರೀಫರು (1819–1889) ಇನ್ನೂ ಕಠಿಣವಾದ ಸಮಸ್ಯೆ ಒಡ್ಡುತ್ತಾರೆ. ಒಂದನ್ನೊಂದು ನುಂಗುವ ಜೀವಿಗಳ ಅವರ ಪ್ರಸಿದ್ಧ ಪದ ಎಲ್ಲರಿಗೂ ಗೊತ್ತು. ಅಲ್ಲಿ ಕೋಳಿ ಕೋತಿಯನ್ನು ನುಂಗುತ್ತದೆ, ಆಡು ಆನೆಯನ್ನು ನುಂಗುತ್ತದೆ, ಜೀವವಿಲ್ಲದ ಗೋಡೆಯೂ ಸುಮ್ಮನಿರುವುದಿಲ್ಲ. ಕೇಳುವಾಗ ನಗು ಬರುತ್ತದೆ. ಸ್ವಲ್ಪ ಹೊತ್ತಿಗೆ ಗುರು, ದೇಹ, ಮನಸ್ಸಿನ ಕಡೆಗೆ ಯೋಚನೆ ಹರಿಯುತ್ತದೆ. ಇದನ್ನು ಬಿಡಿಸಿ ನೋಡಿ: ಆಡಿನ ಬಾಯಿ ಎಷ್ಟು ಅಗಲ? ಆನೆಯ ಸೊಂಡಿಲು ಹೊರಗೋ ಒಳಗೋ? ಗೆರೆ ಎಳೆದ ಕ್ಷಣ ಆಡು ದೊಡ್ಡದಾಗಬೇಕು, ಇಲ್ಲ ಆನೆ ಸಣ್ಣದಾಗಬೇಕು. ಪದದಲ್ಲಿ ಎರಡೂ ತಮ್ಮ ತಮ್ಮ ಗಾತ್ರದಲ್ಲೇ ಇವೆ, ಆದರೂ ನುಂಗುವುದು ನಡೆದಿದೆ. ಆ ಅಸಾಧ್ಯತೆಯಲ್ಲೇ ಪದದ ಅರ್ಥ ಇರುವುದರಿಂದ ಚಿತ್ರ ಅದನ್ನು ಕೆಡಿಸುತ್ತದೆ. ಹಾಗಾಗಿ ಷರೀಫರ ಪದಗಳಿಗೆ ಚಿತ್ರ ಬೇಡ ಎಂಬುದೇ ನನ್ನ ನಿಲುವು. ಅದ್ಭುತವೆಲ್ಲ ಚಿತ್ರಕ್ಕೆ ಒಗ್ಗುವುದಿಲ್ಲ. ಯಾವುದು ಒಗ್ಗುವುದಿಲ್ಲ ಎಂದು ತಿಳಿಯುವುದೂ ಚಿತ್ರಕಾರ-ಲೇಖಕನ ಕಸುಬಿನ ಭಾಗ.

ಇನ್ನು ಹಂಚಿಕೆ. ವರದಾ ನದಿ ತುಂಗಭದ್ರೆಯನ್ನು ಸೇರುವ ಗಳಗನಾಥ ಈ ನಾಲ್ಕು ತಾಲ್ಲೂಕುಗಳ ಗಡಿಯಾಚೆ, ಹಾವೇರಿ ತಾಲ್ಲೂಕಿನಲ್ಲಿದೆ. ಆ ಊರಿನ ಹೆಸರಿನಿಂದಲೇ ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಕಾದಂಬರಿ ಬರೆದರು, ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಪತ್ರಿಕೆಯನ್ನು ನಡೆಸಿದರು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡ ಓದುವ ಮಂದಿಯನ್ನೇ ಹುಟ್ಟಿಸಬೇಕಾಗಿದ್ದ ಕಾಲದಲ್ಲಿ ಓದುಗರನ್ನು ಹುಡುಕಿಕೊಂಡು ಹೋಗುವುದು ಅವರಿಗೆ ಬರವಣಿಗೆಯ ಮುಂದುವರಿಕೆಯೇ ಆಗಿತ್ತು. ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನಲ್ಲಿ 1939ರಲ್ಲಿ ಹುಟ್ಟಿದ ಚಂದ್ರಶೇಖರ ಪಾಟೀಲರು, ನಮ್ಮ ಚಂಪಾ, 1964ರಲ್ಲಿ ಗಿರಡ್ಡಿ ಗೋವಿಂದರಾಜ ಮತ್ತು ಸಿದ್ಧಲಿಂಗ ಪಟ್ಟಣಶೆಟ್ಟಿಯವರ ಜೊತೆ ಧಾರವಾಡದಲ್ಲಿ ‘ಸಂಕ್ರಮಣ’ ಪತ್ರಿಕೆ ಆರಂಭಿಸಿ, ಮುಂದೆ ಅದನ್ನು ತಾವೇ ಹೊತ್ತು ನಡೆಸಿದರು. ‘ಕೊಡೆಗಳು’, ‘ಟಿಂಗರ ಬುಡ್ಡಣ್ಣ’ದಂಥ ಅವರ ಅಸಂಗತ ನಾಟಕಗಳ ನಗೆ ಧಾರವಾಡದ ಆಡುಮಾತಿನ ಗತ್ತಿನಿಂದ ಬಂದದ್ದು. ಆ ಮಾತನ್ನು ತಿದ್ದದೆ ಅಚ್ಚು ಮಾಡುವ ಪತ್ರಿಕೆ ಕೈಯಲ್ಲಿದ್ದುದು ಇಂಥ ಬರಹಗಾರನಿಗೆ ಸಣ್ಣ ಅನುಕೂಲವಲ್ಲ.

ಬರಹ, ಚಿತ್ರ, ಪ್ರಕಟಣೆ ಮೂರನ್ನೂ ಒಬ್ಬರೇ ಮಾಡಿದ್ದಕ್ಕೆ ಹತ್ತಿರದ ದೊಡ್ಡ ನಿದರ್ಶನಕ್ಕೆ ಘಟ್ಟ ಇಳಿಯಬೇಕು. ಪುತ್ತೂರಿನಲ್ಲಿ ಶಿವರಾಮ ಕಾರಂತರು 1930–40ರ ದಶಕಗಳಲ್ಲಿ ತಮ್ಮ ಕಾದಂಬರಿಗಳನ್ನು ತಾವೇ ಮುದ್ರಿಸಿ ಕೈ ಸುಟ್ಟುಕೊಂಡರು. ತಮ್ಮ ಪುಸ್ತಕಗಳಿಗೆ ಮುಖಪುಟ ಚಿತ್ರಗಳನ್ನೂ ಬರೆದರು. ಅವರ ಆರಂಭದ ‘ದೇವದೂತರು’ (1928) ವಿಡಂಬನೆಯ ಕೃತಿ. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು ಸ್ವಂತ ಪ್ರಕಾಶಕರಲ್ಲದಿದ್ದರೂ ‘ಹಸುರು ಹೊನ್ನು’ವಿನ ಗೆರೆಚಿತ್ರಗಳನ್ನು ತಾವೇ ಬರೆದರು. ಅಲ್ಲಿ ಗಿಡದ ಎಲೆಯ ರಚನೆ ಚಿತ್ರದಲ್ಲಿದೆ. ವಿದ್ಯಾರ್ಥಿಗಳ ಕೀಟಲೆ, ಪ್ರವಾಸದ ಪಜೀತಿ ಬರಹದಲ್ಲಿದೆ. ಚಿತ್ರ-ಬರಹಗಳ ಈ ಹಂಚಿಕೆ ಅಷ್ಟು ಕರಾರುವಾಕ್ಕಾಗಿರುವುದು ಎರಡನ್ನೂ ಒಂದೇ ತಲೆ ಯೋಚಿಸಿದ್ದರಿಂದ.

ಇಂದು ಶಿಗ್ಗಾಂವಿಯಲ್ಲೋ ಹಾನಗಲ್ಲಿನಲ್ಲೋ ಕುಳಿತು ಇಂಥ ಪುಸ್ತಕ ಮಾಡುವವರಿಗೆ ಅಚ್ಚಿನ ಊರುಗಳಾದ ಗದಗ, ಹುಬ್ಬಳ್ಳಿ ದೂರವಲ್ಲ. ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಲೇಖಕ-ಪ್ರಕಾಶಕರಿಗೂ ಉಚಿತವಾಗಿ ಕೊಡುತ್ತದೆ. ಆಫ್‌ಸೆಟ್‌ನಲ್ಲಿ ಕಪ್ಪು ಗೆರೆಯ ಚಿತ್ರಕ್ಕೂ ಅಕ್ಷರಕ್ಕೂ ಒಂದೇ ಪ್ಲೇಟು ಸಾಕು, ಬಹುವರ್ಣಕ್ಕೆ ನಾಲ್ಕು ಬೇಕು. ಪುಟಗಳನ್ನು ಹದಿನಾರರ ಫಾರಂ ಲೆಕ್ಕದಲ್ಲಿ ಹಿಡಿದರೆ ಕಾಗದ ಹಾಳಾಗುವುದಿಲ್ಲ. ಕಷ್ಟ ಇರುವುದು ಮಾತಿನ ಗುಳ್ಳೆಯಲ್ಲಿ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೇರುತ್ತದೆ. ಇಂಗ್ಲಿಷಿನ ಅಳತೆಗೆ ಬರೆದ ಗುಳ್ಳೆಯಲ್ಲಿ ಎರಡು ಸಾಲು ತುರುಕಿದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದದ್ದನ್ನು ಯೂನಿಕೋಡಿಗೆ ತರುವಾಗ ಅಕ್ಷರ ಒಡೆಯುವುದು ಡಿಟಿಪಿ ಮಾಡುವವರಿಗೆಲ್ಲ ಗೊತ್ತಿರುವ ಕಾಟ. ಇದಕ್ಕೆ ನಾನು ಕಂಡ ಒಳ್ಳೆಯ ಉಪಾಯವೆಂದರೆ ಗುಳ್ಳೆಯೊಳಗಿನ ಮಾತನ್ನು ಚಿತ್ರದ ಪೆನ್ನಿನಲ್ಲೇ ಕೈಬರಹದಲ್ಲಿ ಬರೆದು, ಅಕ್ಷರ ಆದ ಮೇಲೆ ಅದರ ಸುತ್ತ ಗುಳ್ಳೆ ಎಳೆಯುವುದು. ಮಾತು ಜಾಗ ಮೀರಿದರೆ ಅಲ್ಲೇ ಒಂದು ಪದ ಕಡಿಯಬಹುದು. ಅದಕ್ಕೆ ಯಾರ ಒಪ್ಪಿಗೆಯನ್ನೂ ಕೇಳಬೇಕಿಲ್ಲ.