ಯುದ್ಧಕಾಲದ ಇಂಗ್ಲೆಂಡಿನಲ್ಲಿ ಈರುಳ್ಳಿಯ ಮಡಿ

1939ರ ಸೆಪ್ಟೆಂಬರಿನಲ್ಲಿ ಯುದ್ಧವು ಮೊದಲಾದಾಗ ಬ್ರಿಟನ್ ದೇಶವು ತನ್ನ ಆಹಾರದ ಹೆಚ್ಚಿನ ಪಾಲನ್ನು ಹಡಗುಗಳ ಮೂಲಕ ಹೊರನಾಡುಗಳಿಂದಲೇ ತರಿಸಿಕೊಳ್ಳುತ್ತಿದ್ದಿತು. ಈರುಳ್ಳಿಯಂಥ ಸಾಮಾನ್ಯ ಪದಾರ್ಥವೂ ಬಹುಮಟ್ಟಿಗೆ ಫ್ರಾನ್ಸಿನ ಬ್ರಿಟನಿ ಪ್ರಾಂತದಿಂದಲೂ ಜರ್ಸಿ ಮೊದಲಾದ ಕಡಲ್ಗಾಲುವೆಯ ದ್ವೀಪಗಳಿಂದಲೂ ಬರುತ್ತಿದ್ದಿತು. 1940ರ ಬೇಸಗೆಯಲ್ಲಿ ಇವೆರಡೂ ಜರ್ಮನರ ವಶವಾದುವು. ಈರುಳ್ಳಿಯು ಅಂಗಡಿಗಳಲ್ಲಿ ಅಪರೂಪವಾಯಿತು.

“ವಿಜಯಕ್ಕಾಗಿ ಅಗೆಯಿರಿ” ಎಂಬ ಸರ್ಕಾರದ ಕರೆಯು ಆಗ ಗೃಹಸ್ಥರಿಗೆ ಚೆನ್ನಾಗಿ ಮನದಟ್ಟಾಯಿತು. ಹುಲ್ಲುಹಾಸುಗಳು ಕಾಯಿಪಲ್ಯದ ಮಡಿಗಳಾದುವು. ಲಂಡನ್ ಗೋಪುರದ ಕೋಟೆಯ ಒಣ ಕಂದಕದಲ್ಲಿಯೂ ತರಕಾರಿ ಬೆಳೆಯಿತು. ಗುದ್ದಲಿ ಹಿಡಿದರಿಯದ ಪಟ್ಟಣಿಗರಿಗೆ ಬಿ.ಬಿ.ಸಿ.ಯ ಸಿ. ಎಚ್. ಮಿಡಲ್ಟನ್ನರು ತಮ್ಮ ಭಾನುವಾರದ ಭಾಷಣಗಳಿಂದ ತೋಟಗಾರಿಕೆಯನ್ನು ಕಲಿಸಿದರು.

ಆ ನಾಡಿನಲ್ಲಿ ಬಿತ್ತನೆಯು ವಸಂತಕಾಲದಲ್ಲಿ. ಆದರೆ ಕೆಲಸವು ಮೊದಲಾಗುವುದು ಚಳಿಗಾಲಕ್ಕೆ ಮುಂಚೆ. ಶರತ್ಕಾಲದಲ್ಲಿಯೇ ನೆಲವನ್ನು ಆಳವಾಗಿ ಅಗೆದು, ಹಳೆಯ ಕೊಟ್ಟಿಗೆಗೊಬ್ಬರವನ್ನು ಸೇರಿಸಿ, ಹೆಂಟೆಗಳನ್ನು ಒಡೆಯದೆ ಬಿಡುವರು. ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಹೆಂಟೆಗಳು ತಾವಾಗಿಯೇ ಬಿರಿಯುವುವು. ಈರುಳ್ಳಿಗೆ ಸಡಿಲವಾದ ನೆಲವು ಒಗ್ಗದು. ಆದುದರಿಂದ ಮಾರ್ಚ್ ತಿಂಗಳಲ್ಲಿ ಮೇಲ್ಮಣ್ಣು ಒಣಗಿದೊಡನೆ ಮಡಿಯನ್ನು ಕಾಲಿನಿಂದ ತುಳಿದು ಗಟ್ಟಿಮಾಡಿ, ಮೇಲ್ಪದರವನ್ನು ಮಾತ್ರ ಪುಡಿಮಾಡಿ ನಯಗೊಳಿಸಿ, ಬೀಜವನ್ನು ಅರ್ಧ ಅಂಗುಲದ ಆಳದಲ್ಲಿ ಸಾಲಾಗಿ ಬಿತ್ತುವರು.

1940ರ ಶರತ್ಕಾಲವೆಂದರೆ ಲಂಡನ್ನಿನ ಮೇಲೆ ರಾತ್ರಿರಾತ್ರಿಯೂ ಬಾಂಬು ಬೀಳುತ್ತಿದ್ದ ಕಾಲ. ಅಂಥ ಸಮಯದಲ್ಲಿ ಹಿತ್ತಲನ್ನು ಅಗೆದವರು, ಮುಂದಿನ ವರ್ಷದ ಬೆಳೆಯನ್ನು ತಾವು ಉಣ್ಣುವೆವೆಂಬ ನಂಬಿಕೆಯಿಂದಲೇ ಅಗೆದಿರಬೇಕು. ಯುದ್ಧದ ಚರಿತ್ರೆಯಲ್ಲಿ ಸೇನಾನಿಗಳ ಹೆಸರುಗಳೊಡನೆ ಈ ನಂಬಿಕೆಗೂ ಸ್ಥಾನವುಂಟು.