ದುಡಿಮೆ ಉಂಟು, ದಾಖಲೆ ಇಲ್ಲ: ಮೊದಲ ಕೆಲಸಕ್ಕೆ ಹೊರಟ ಯುವಕರು ತಿಳಿದಿರಬೇಕಾದ ವಿಷಯಗಳು

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಊರುಗಳಲ್ಲಿ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಗಲ್ಫ್‌ನಲ್ಲೋ ಅಂಗಡಿ ಕೆಲಸ ಮಾಡಿದವರು ಇಲ್ಲದ ಕುಟುಂಬ ಕಡಿಮೆ. 18ಕ್ಕೆ ಅಂಗಡಿ ಸೇರಿದ ಹುಡುಗನಿಗೆ 25 ಆಗುವಾಗ ಸ್ಟಾಕ್ ಎಷ್ಟು ತರಿಸಬೇಕು, ಯಾರಿಗೆ ಸಾಲ ಕೊಡಬಹುದು, ಯಾರಿಗೆ ಕೊಡಬಾರದು, ಹಬ್ಬದ ಸೀಸನ್‌ಗೆ ಯಾವ ಮಾಲು ಮೊದಲೇ ತುಂಬಿಸಿಡಬೇಕು ಎಲ್ಲ ಗೊತ್ತು. ಅದೇ ಹುಡುಗ ದುಬೈಯ ಸೂಪರ್ ಮಾರ್ಕೆಟ್ ಒಂದರ ಸಂದರ್ಶನಕ್ಕೆ ಕುಳಿತಾಗ, ‘ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್ ಉಂಟಾ?’ ಅಂತ ಕೇಳಿದರೆ ಕೈಯಲ್ಲಿ ಏನೂ ಇಲ್ಲ. 7 ವರ್ಷದ ದುಡಿಮೆ ಆ ಮೇಜಿನ ಮುಂದೆ ಸೊನ್ನೆ. ನಿನ್ನೆ ಮೊನ್ನೆ ಕಾಲೇಜು ಮುಗಿಸಿ ಬಂದವನಿಗೆ ಸಿಗುವ ಸಂಬಳವೇ ಅವನಿಗೂ.

ಕೆಲಸದ ಅನುಭವ ಅಂದರೆ ಎರಡು ಸಂಗತಿ. ಒಂದು, ಕೈ ಕಲಿತ ವಿದ್ಯೆ. ಇನ್ನೊಂದು, ಆ ವಿದ್ಯೆ ಕಲಿತದ್ದಕ್ಕೆ ಇರುವ ದಾಖಲೆ. ವ್ಯಾಪಾರವೇ ಕಸುಬಾಗಿರುವ ನಮ್ಮ ಸಮುದಾಯದಲ್ಲಿ ಮೊದಲನೆಯದ್ದಕ್ಕೆ ಬರ ಇಲ್ಲ. ನಾವು ಸೋಲುವುದು ಎರಡನೆಯದ್ದರಲ್ಲಿ.

ಕೆಲವು ವೃತ್ತಿಗಳಲ್ಲಿ ಅನುಭವವನ್ನು ಕಾನೂನೇ ಕಡ್ಡಾಯ ಮಾಡಿದೆ. ಎಂಬಿಬಿಎಸ್ ಓದಿದವರು 1 ವರ್ಷ ಇಂಟರ್ನ್‌ಶಿಪ್ ಮುಗಿಸದೆ ಡಾಕ್ಟರ್ ಆಗಿ ನೋಂದಣಿ ಆಗುವಂತಿಲ್ಲ. ಸಿಎ ಮಾಡುವವರು ಆರ್ಟಿಕಲ್‌ಶಿಪ್ ಮಾಡಲೇಬೇಕು. ಹಿಂದೆ 3 ವರ್ಷ ಇದ್ದದ್ದು 2023ರ ಹೊಸ ಪದ್ಧತಿಯಲ್ಲಿ 2 ವರ್ಷಕ್ಕೆ ಇಳಿದಿದೆ. ಲಾರಿ, ಬಸ್ಸು ಓಡಿಸುವ ಲೈಸೆನ್ಸ್‌ಗೆ ಕಲಿಯಬೇಕಾದರೆ ಲಘು ವಾಹನದ ಲೈಸೆನ್ಸ್ ಪಡೆದು ಕನಿಷ್ಠ 1 ವರ್ಷ ಆಗಿರಬೇಕು. ಗಲ್ಫ್ ಆಸ್ಪತ್ರೆಗಳಿಗೆ ನರ್ಸ್‌ಗಳನ್ನು ಕರೆಯುವ ಜಾಹೀರಾತುಗಳಲ್ಲಿ ‘ಕನಿಷ್ಠ 2 ವರ್ಷ ಅನುಭವ’ ಎಂಬ ಸಾಲು ಸಾಮಾನ್ಯ. ಈ ವೃತ್ತಿಗಳಲ್ಲಿ ದಾಖಲೆ ತಾನಾಗಿಯೇ ಸಿಗುತ್ತದೆ. ಉಳಿದ ಕಡೆ ನಾವೇ ಕೇಳಿ ಪಡೆಯಬೇಕು.

ಅಪ್ರೆಂಟಿಸ್: ಸಂಬಳವೂ ಉಂಟು, ಸರ್ಟಿಫಿಕೇಟೂ ಉಂಟು

ಐಟಿಐ, ಡಿಪ್ಲೊಮಾ, ಡಿಗ್ರಿ ಮುಗಿಸಿದ ನಮ್ಮ ಮಕ್ಕಳು ಅತಿ ಹೆಚ್ಚು ಕಳೆದುಕೊಳ್ಳುವ ಅವಕಾಶ ಇದು. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಎಷ್ಟು ಮಂದಿ? ಒಟ್ಟು ಸಿಬ್ಬಂದಿಯ ಶೇ. 2.5ರಿಂದ ಶೇ. 15ರಷ್ಟು. 2019ರ ತಿದ್ದುಪಡಿಯಲ್ಲಿ ನಿಗದಿಯಾದ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ ಐಟಿಐ ಆದವರಿಗೆ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000 ರೂಪಾಯಿ.

‘ಇಷ್ಟು ಕಡಿಮೆಗೆ ಯಾರು ಹೋಗ್ತಾರೆ, ಮೊಬೈಲ್ ಅಂಗಡಿಯಲ್ಲಿ ಇದಕ್ಕಿಂತ ಜಾಸ್ತಿ ಸಿಗ್ತದೆ’ ಎನ್ನುವವರಿದ್ದಾರೆ. ಮೊದಲ ವರ್ಷದ ಲೆಕ್ಕ ಮಾತ್ರ ನೋಡಿದರೆ ಹೌದು. ಆದರೆ ಐಟಿಐ ಮಕ್ಕಳು ಅಪ್ರೆಂಟಿಸ್ ಮುಗಿಸಿ ಪರೀಕ್ಷೆ ಪಾಸಾದರೆ ಸಿಗುವ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ದೇಶದಾದ್ಯಂತ ನಡೆಯುತ್ತದೆ. ಗಡಿನಾಡಿನ ನಮಗೆ ಇದು ಸಣ್ಣ ವಿಷಯ ಅಲ್ಲ: ಕೇರಳದ ಕೋರ್ಸ್ ಕರ್ನಾಟಕದಲ್ಲಿ ನಡೆಯುತ್ತದಾ ಎಂಬ ತಲೆನೋವು ಈ ಸರ್ಟಿಫಿಕೇಟಿಗೆ ಇಲ್ಲ. ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಅಲ್ಲಿನ ಲೆವೆಲ್ 1 ನೇಮಕಾತಿಯಲ್ಲಿ ಶೇ. 20 ಹುದ್ದೆಗಳನ್ನು ಮೀಸಲಿಡುತ್ತಾರೆ. ಮಂಗಳೂರಿನ ಎಂಆರ್‌ಪಿಎಲ್ ಕೂಡ ಇದೇ ಕಾಯ್ದೆಯಡಿ ಅಪ್ರೆಂಟಿಸ್‌ಗಳನ್ನು ಕರೆಯುತ್ತದೆ. ನಮ್ಮ ಕಡೆಯವರಿಗೆ ದೂರವೂ ಅಲ್ಲ. ಡಿಗ್ರಿ, ಡಿಪ್ಲೊಮಾದವರು ಎನ್‌ಎಟಿಎಸ್ ಪೋರ್ಟಲ್‌ನಲ್ಲಿ, ಐಟಿಐಯವರು ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ನೋಂದಣಿಗೆ ದುಡ್ಡು ಕೊಡಬೇಕಾಗಿಲ್ಲ. ಯಾರಾದರೂ ‘ಸೀಟ್ ಮಾಡಿಸಿ ಕೊಡ್ತೇನೆ’ ಅಂತ ಕಮಿಷನ್ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಒಂದು ಎಚ್ಚರಿಕೆ. ಅಪ್ರೆಂಟಿಸ್ ಎಂದರೆ ಕಾನೂನಿನ ಪ್ರಕಾರ ಕಲಿಯುವವನು, ನೌಕರ ಅಲ್ಲ. ತರಬೇತಿ ಮುಗಿದ ಮೇಲೆ ಅದೇ ಕಂಪನಿ ಕೆಲಸ ಕೊಡಲೇಬೇಕು ಅಂತ ಇಲ್ಲ.

ಅಂಗಡಿಯಲ್ಲಿ ದುಡಿಯುವವರು ಏನು ಮಾಡಬೇಕು?

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಕೆಲಸಕ್ಕೆ ಸೇರಿದ 30 ದಿನದೊಳಗೆ ಹೆಸರು, ಹುದ್ದೆ, ಸಂಬಳ ಬರೆದ ನೇಮಕಾತಿ ಪತ್ರವನ್ನು ಮಾಲಕರು ಕೊಡಬೇಕು. ಮಂಗಳೂರು, ಬೆಂಗಳೂರಿನ ಅಂಗಡಿಗಳಲ್ಲಿ ಇರುವ ನಮ್ಮ ಹುಡುಗರಲ್ಲಿ ಎಷ್ಟು ಮಂದಿಯ ಹತ್ತಿರ ಇದು ಇದೆ? ಕೇಳುವುದೇ ಇಲ್ಲ. ಯಾಕೆಂದರೆ ಧಣಿ ಹೊರಗಿನವರಲ್ಲ. ಊರಿನ ಕಾಕನೋ, ತಂದೆಯ ಸ್ನೇಹಿತನೋ, ದೂರದ ಸಂಬಂಧಿಯೋ ಆಗಿರುತ್ತಾರೆ. ‘ಕಾಕಾ, ಒಂದು ಲೆಟರ್ ಕೊಡಿ’ ಅಂದರೆ ‘ಹೌದಾ, ಬಿಟ್ಟು ಹೋಗ್ಲಿಕ್ಕೆ ನೋಡ್ತಾ ಇದ್ದೀಯಾ?’ ಅಂತ ಕೇಳಿಯಾರು ಎಂಬ ಸಂಕೋಚ. ಅದಕ್ಕೇ ಬಿಡುವಾಗ ಕೇಳುವುದಕ್ಕಿಂತ ಸೇರುವಾಗಲೇ ಕೇಳುವುದು ಸುಲಭ. ಅಂಗಡಿ ನಡೆಸುವ ಹಿರಿಯರೇ ಮುಂದಾಗಿ ಕೊಟ್ಟರೆ ಇನ್ನೂ ಒಳ್ಳೆಯದು. ಖರ್ಚು ಒಂದು ಲೆಟರ್‌ಹೆಡ್ ಮಾತ್ರ.

ಕೆಲಸ ಬಿಡುವಾಗ ಪಡೆಯುವ ಅನುಭವ ಪತ್ರದಲ್ಲಿ ಸೇರಿದ ಮತ್ತು ಬಿಟ್ಟ ತಾರೀಕು, ಹುದ್ದೆ, ಮಾಡುತ್ತಿದ್ದ ಕೆಲಸದ ವಿವರ, ಸಹಿ, ಮೊಹರು ಮತ್ತು ವಿಚಾರಿಸಲು ಒಂದು ಫೋನ್ ನಂಬರ್ ಇರಲಿ. ‘ಒಳ್ಳೆಯ ಹುಡುಗ, ಪ್ರಾಮಾಣಿಕ’ ಎಂದಷ್ಟೇ ಬರೆದ ಪತ್ರದಿಂದ ಹೆಚ್ಚು ಉಪಯೋಗ ಇಲ್ಲ. ‘ದಿನದ ಬಿಲ್ಲಿಂಗ್, ಸ್ಟಾಕ್ ಲೆಕ್ಕ, 3 ಮಂದಿ ಕೆಲಸಗಾರರ ಉಸ್ತುವಾರಿ’ ಎಂದಿದ್ದರೆ ಸಂದರ್ಶನ ಮಾಡುವವನಿಗೆ ಕೇಳಲು ಏನಾದರೂ ಸಿಗುತ್ತದೆ.

ಹೆಸರಿನ ವಿಷಯ ನಮ್ಮವರಿಗೆ ದೊಡ್ಡ ಪೇಚಾಟ. ಶಾಲೆಯ ದಾಖಲೆಯಲ್ಲಿ ‘ಮಹಮ್ಮದ್’, ಆಧಾರ್‌ನಲ್ಲಿ ‘ಮೊಹಮ್ಮದ್’, ಪಾಸ್‌ಪೋರ್ಟ್‌ನಲ್ಲಿ ‘ಮುಹಮ್ಮದ್’, ಅಂಗಡಿಯ ಪತ್ರದಲ್ಲಿ ಮನೆಯಲ್ಲಿ ಕರೆಯುವ ಹೆಸರು! ಇನಿಶಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಇಂಗ್ಲಿಷಿನಲ್ಲಿ ಒಂದು ಅಕ್ಷರ ಬದಲಾದರೂ ಪತ್ರ ಇನ್ನೊಬ್ಬನದ್ದು ಅಂತ ತಳ್ಳಿಹಾಕಬಹುದು. ಅನುಭವ ಪತ್ರ ಬರೆಸುವಾಗ ಪಾಸ್‌ಪೋರ್ಟ್ ಮುಂದಿಟ್ಟೇ ಬರೆಸಿ.

ಪಿಎಫ್ ಸುಳ್ಳು ಹೇಳುವುದಿಲ್ಲ

20 ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆಯಲ್ಲಿ ಪಿಎಫ್ ಅನ್ವಯವಾಗುತ್ತದೆ. ‘ಕೈಗೆ ಬರುವ ಸಂಬಳ ಕಡಿಮೆ ಆಗ್ತದೆ, ಪಿಎಫ್ ಬೇಡ’ ಎನ್ನುವ ಹುಡುಗರು ಗಮನಿಸಬೇಕು: ಯುಎಎನ್ ನಂಬರ್ ಅಡಿಯಲ್ಲಿ ಯಾವ ಸಂಸ್ಥೆ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಎಂಬುದು ದಾಖಲಾಗುತ್ತದೆ. ಧಣಿ ಪತ್ರ ಕೊಡದಿದ್ದರೂ, ಕಂಪನಿ ಮುಚ್ಚಿದರೂ ಆ ದಾಖಲೆ ಅಲ್ಲೇ ಇರುತ್ತದೆ. ಕೆಲಸ ಬದಲಿಸಿದಾಗ ಹೊಸ ಯುಎಎನ್ ಮಾಡಿಸದೆ ಹಳೆಯದನ್ನೇ ಕೊಡಿ. ಬಿಟ್ಟ ತಾರೀಕು ನಮೂದಾಗಿದೆಯಾ ಎಂದು ಉಮಂಗ್ ಆ್ಯಪ್‌ನಲ್ಲಿ ನೋಡಿಕೊಳ್ಳಿ.

ನಕಲಿ ಅನುಭವ ಪತ್ರ ಮಾಡಿಕೊಡುವವರು ಸಿಕ್ಕಿಬೀಳುವುದೂ ಇಲ್ಲೇ. ದೊಡ್ಡ ಕಂಪನಿಗಳು ಪತ್ರದ ತಾರೀಕನ್ನು ಪಿಎಫ್ ದಾಖಲೆಯ ಜೊತೆ ತಾಳೆ ನೋಡುತ್ತವೆ. ಗಲ್ಫ್‌ನಲ್ಲಿ ನಕಲಿ ದಾಖಲೆ ಸಿಕ್ಕಿದರೆ ಕೆಲಸ ಹೋಗುವುದರ ಜೊತೆಗೆ ಕೇಸೂ ಬೀಳಬಹುದು. ಹಾಗೆಯೇ ಒರಿಜಿನಲ್ ಮಾರ್ಕ್ಸ್‌ಕಾರ್ಡ್‌ಗಳನ್ನು ಮಾಲಕರ ಹತ್ತಿರ ಒತ್ತೆ ಇಡಬೇಡಿ, ಪ್ರತಿ ಸಾಕು.

ವರ್ಷಗಳು ಈಗಾಗಲೇ ಹೋಗಿದ್ದರೆ?

ಎಸಿ ಮೆಕ್ಯಾನಿಕ್, ಪ್ಲಂಬರ್, ಎಲೆಕ್ಟ್ರಿಷಿಯನ್, ಟೈಲರ್ ಕೆಲಸವನ್ನು ಕೋರ್ಸ್ ಮಾಡದೆ ಗುರುವಿನ ಕೈಕೆಳಗೆ ಕಲಿತವರು ನಮ್ಮಲ್ಲಿ ತುಂಬ. ಅವರಿಗಾಗಿ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಆರ್‌ಪಿಎಲ್ ಎಂಬ ವ್ಯವಸ್ಥೆ ಇದೆ. ಈಗಾಗಲೇ ಗೊತ್ತಿರುವ ಕೆಲಸವನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುತ್ತಾರೆ, ಮೊದಲಿನಿಂದ ಕಲಿಯಬೇಕಾಗಿಲ್ಲ. ಸೌದಿ ಅರೇಬಿಯಾ ಇಂಥ ಕೆಲವು ಕೆಲಸಗಳಿಗೆ ವೀಸಾದ ಮೊದಲೇ ಕೌಶಲ ಪರೀಕ್ಷೆ ನಡೆಸುತ್ತಿರುವುದರಿಂದ ಕೈಚಳಕ ಇದ್ದವರು ಹೆದರಬೇಕಾಗಿಲ್ಲ, ಆದರೆ ಉಪಕರಣಗಳ ಹೆಸರು, ಸುರಕ್ಷತೆಯ ನಿಯಮ ಓದಿಕೊಂಡು ಹೋಗಬೇಕು.

ಮನೆಯ ಹೆಣ್ಣುಮಕ್ಕಳ ವಿಷಯ ಇನ್ನೊಂದು ಥರ. ಬಿಕಾಂ ಮುಗಿಸಿದ ಮಗಳು ತಂದೆಯ ಅಂಗಡಿಯ ಜಿಎಸ್‌ಟಿ ಲೆಕ್ಕ, ಟ್ಯಾಲಿ ಎಲ್ಲ ನೋಡುತ್ತಾಳೆ. 3 ವರ್ಷದ ನಂತರ ಕೆಲಸಕ್ಕೆ ಅರ್ಜಿ ಹಾಕುವಾಗ ‘ಮನೆಯಲ್ಲಿದ್ದೆ’ ಅಂತ ಬರೆಯುತ್ತಾಳೆ. ಅವಳು ಮನೆಯಲ್ಲಿ ಇದ್ದದ್ದಲ್ಲ, ಅಕೌಂಟೆಂಟ್ ಆಗಿ ಇದ್ದದ್ದು. ತಂದೆ ಅವಳಿಗೆ ಪ್ರತಿ ತಿಂಗಳು ಬ್ಯಾಂಕ್ ಖಾತೆಗೆ ಸಂಬಳ ಹಾಕಲಿ, ಅಂಗಡಿಯ ಲೆಕ್ಕದಲ್ಲಿ ಅದನ್ನು ತೋರಿಸಲಿ. ಹುಡುಗರಿಗೂ ಇದೇ ಮಾತು: ಸಂಬಳ ನಗದಾಗಿ ಕೈಗೆ ಬಂದರೆ ಅದರ ಗುರುತು ಉಳಿಯುವುದಿಲ್ಲ, ಬ್ಯಾಂಕಿಗೆ ಬಂದರೆ ಬೇರೆ ಪತ್ರ ಇಲ್ಲದಾಗಲೂ ಪಾಸ್‌ಬುಕ್ ತೋರಿಸಿ ಮಾತಾಡಬಹುದು.