ಶೃಂಗವೆಂದರೆ ಕೊಂಬು: ಪಂಚಮಹಾಶಬ್ದದ ಪಟ್ಟಿಯ ಮರುಓದು

ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ 6ನೇ ಸಂಪುಟದಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳಿವೆ. 7ನೇ ಸಂಪುಟದಲ್ಲಿ ನಾಗಮಂಗಲದವು. ಇವುಗಳ ಹೊಯ್ಸಳ ಶಾಸನಗಳಲ್ಲಿ ‘ಸಮಧಿಗತ ಪಂಚಮಹಾಶಬ್ದ ಮಹಾಮಂಡಲೇಶ್ವರ’ ಎಂಬ ಬಿರುದು ಎಷ್ಟು ಸಲ ಬರುತ್ತದೆಂದರೆ, ಓದುವವನ ಕಣ್ಣು ಅದನ್ನು ದಾಟಿ ಮುಂದಕ್ಕೆ ಹೋಗುವುದನ್ನೇ ರೂಢಿ ಮಾಡಿಕೊಳ್ಳುತ್ತದೆ. ವಾದ್ಯಗಳ ಚರಿತ್ರೆ ಬರೆದವರೂ ಹಾಗೆಯೇ ದಾಟಿಹೋಗಿದ್ದಾರೆ. ಈ ಅವಸರದಿಂದ ಎರಡು ತಪ್ಪುಗಳು ಬೇರುಬಿಟ್ಟಿವೆ. ಪಂಚಮಹಾಶಬ್ದವೆಂದರೆ ನಾದವೇ ಅಲ್ಲ, ‘ಮಹಾ’ ಎಂದು ತೊಡಗುವ ಐದು ಪದವಿಗಳು ಎಂಬುದು ಒಂದು. ನಾದವೆಂದು ಒಪ್ಪಿದವರು ಅದರೊಳಗಿನ ಊದುವಾದ್ಯವನ್ನು ವಿಚಾರಿಸದೆ ‘ಕಹಳೆ’ ಎಂದುಬಿಡುವುದು ಇನ್ನೊಂದು.

ಮೊದಲನೆಯ ತಪ್ಪು ಕಾಶ್ಮೀರದಿಂದ ಬಂದದ್ದು. ಲಲಿತಾದಿತ್ಯ ಸ್ಥಾಪಿಸಿದ ಮಹಾಪ್ರತೀಹಾರ, ಮಹಾಸಂಧಿವಿಗ್ರಹ ಮೊದಲಾದ ಐದು ಅಧಿಕಾರಗಳನ್ನು ಕಲ್ಹಣ ತನ್ನ ರಾಜತರಂಗಿಣಿಯಲ್ಲಿ ಹೇಳುತ್ತಾನೆ. ಪಂಚಮಹಾಶಬ್ದ ಅವುಗಳ ಹೆಸರು. ಕಾಶ್ಮೀರದ ಮಟ್ಟಿಗೆ ಇದು ಸರಿಯೇ. ಡಿ.ಸಿ. ಸರ್ಕಾರ್ ತಮ್ಮ ಶಾಸನ ಪದಕೋಶದಲ್ಲಿ (1966) ಪದವಿ, ವಾದ್ಯ ಎಂಬ ಎರಡೂ ಅರ್ಥಗಳನ್ನು ಎಚ್ಚರದಿಂದ ದಾಖಲಿಸಿದರು. ಅವರ ಎಚ್ಚರ ಅವರ ಹಿಂದೆ ಬಂದವರಲ್ಲಿ ಉಳಿಯಲಿಲ್ಲ. ಕನ್ನಡ ನಾಡಿನ ಮಂಡಲೇಶ್ವರನಿಗೆ ಕಾಶ್ಮೀರದ ಅಂಗಿ ತೊಡಿಸುವ ಮೊದಲು ಪ್ರಶಸ್ತಿಯ ಮುಂದಿನ ಸಾಲನ್ನಾದರೂ ನೋಡಬೇಕಿತ್ತು. ಸವದತ್ತಿಯ ರಟ್ಟರ ಪ್ರಶಸ್ತಿಯಲ್ಲಿ ಪಂಚಮಹಾಶಬ್ದದ ಜೊತೆಗೇ ‘ತ್ರಿವಳೀ ತೂರ್ಯ ನಿರ್ಘೋಷಣ’ ಇದೆ, ಸಿಂಧೂರ ಲಾಂಛನವಿದೆ, ಸುವರ್ಣ ಗರುಡಧ್ವಜವಿದೆ. ಹಾನಗಲ್ಲಿನ ಕದಂಬರದು ‘ಪೆರ್ಮಟ್ಟಿ ತೂರ್ಯ’. ಯಾರ ಮುಂದೆ ಯಾವ ಬಾವುಟ ಹಾರಬೇಕು, ಯಾವ ವಾದ್ಯ ನುಡಿಯಬೇಕು ಎಂಬುದನ್ನು ಇಷ್ಟು ಬಿಡಿಸಿ ಹೇಳುವ ಪ್ರಶಸ್ತಿಗಳಲ್ಲಿ ‘ಶಬ್ದ’ಕ್ಕೆ ಶಬ್ದವೆಂಬ ಅರ್ಥವನ್ನೇ ಬಿಟ್ಟು ಬೇರೆ ಅರ್ಥ ಹುಡುಕಲು ಕಾರಣ ಬೇಕು. ಆ ಕಾರಣವನ್ನು ಯಾರೂ ಕೊಟ್ಟಿಲ್ಲ.

ಇದನ್ನು ಬಗೆಹರಿಸುವ ಆಕರವನ್ನು ಕೆ.ಬಿ. ಪಾಠಕರು 1883ರಷ್ಟು ಹಿಂದೆಯೇ ತೋರಿಸಿದ್ದರು. 1888ರಲ್ಲಿ ಫ್ಲೀಟ್ ಅದನ್ನು ಒಂದು ಅಡಿಟಿಪ್ಪಣಿಗೆ ಸೇರಿಸಿದರು. ಅಲ್ಲಿಂದ ಅದು ಮೇಲಕ್ಕೆ ಬರಲೇ ಇಲ್ಲ. ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ಯ ಪಟ್ಟಿಯೇ ಆ ಆಕರ: ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ. ಇದು ತಡವಾದ ಗ್ರಂಥ, ಒಂದು ಮತದವರ ಪಟ್ಟಿ ಎಂದು ಪಕ್ಕಕ್ಕಿಡುವವರಿದ್ದಾರೆ. ತಡವಾದದ್ದು ನಿಜ, ಹೊಯ್ಸಳರಿಗೂ ನಿಜಗುಣರಿಗೂ ನಡುವೆ ಶತಮಾನಗಳಿವೆ. ಆದರೆ ಈ ಪದಕ್ಕೆ ವಾದ್ಯವೆಂಬ ಅರ್ಥವೇ ಇತ್ತೆಂಬುದಕ್ಕೆ ಪಾಠಕರು ಜೈನ ಗ್ರಂಥಕಾರ ರೇವಾಕೋಟ್ಯಾಚಾರ್ಯನನ್ನೂ ಸಾಕ್ಷಿಯಾಗಿ ತಂದಿದ್ದರು. ಬೇರೆ ಬೇರೆ ಮತದ ಇಬ್ಬರು ಒಂದೇ ಅರ್ಥ ಹೇಳುವಾಗ ಮತದ ಆಕ್ಷೇಪ ನಿಲ್ಲದು. ನಿಜಗುಣರು ದೂರದವರೂ ಅಲ್ಲ. ಅವರು ತಪಸ್ಸು ಮಾಡಿದರೆನ್ನುವ ಶಂಭುಲಿಂಗನ ಬೆಟ್ಟ ಇದೇ ಕಾವೇರಿ ಸೀಮೆಯ ಕೊಳ್ಳೇಗಾಲದ ಕಡೆಗಿದೆ. ನಮ್ಮ ಜಾತ್ರೆಗಳು ಕೇಳುವ ನಾದವನ್ನೇ ಅವರೂ ಕೇಳಿದವರು.

ಪಟ್ಟಿಯ ಎರಡನೆಯ ಹೆಸರು ತಮ್ಮಟ. ಅದು ನಮ್ಮ ಊರುಗಳ ತಮಟೆಯೇ. ಮಹಾಮಂಡಲೇಶ್ವರನು ಗಳಿಸಿಕೊಂಡ ಐದು ಮರ್ಯಾದೆಗಳಲ್ಲಿ ತಮಟೆ ಒಂದಾಗಿತ್ತು ಎಂದು ಒಪ್ಪಲು ಹಿಂಜರಿದ ಮನಸ್ಸಿಗೆ ‘ಐದು ಪದವಿ’ಯ ಅರ್ಥ ಹಿತವಾಗಿ ಕಂಡಿರಬೇಕು ಎಂಬುದು ನನ್ನ ದೃಢವಾದ ಅನುಮಾನ.

ಇನ್ನು ಶೃಂಗ. ಪಂಚಮಹಾಶಬ್ದವನ್ನು ವಿವರಿಸುವ ಜನಪ್ರಿಯ ಬರಹಗಳು ಇದರ ಜಾಗದಲ್ಲಿ ಸಲೀಸಾಗಿ ಕಹಳೆಯನ್ನು ಕೂರಿಸುತ್ತವೆ. ದೇವಗಿರಿಯ ಯಾದವರ ಆಸ್ಥಾನದಲ್ಲಿ 13ನೇ ಶತಮಾನದಲ್ಲಿ ಬರೆದ ಶಾರ್ಙ್ಗದೇವ ಇದಕ್ಕೆ ಎಡೆಗೊಡುವುದಿಲ್ಲ. ‘ಸಂಗೀತರತ್ನಾಕರ’ದ ವಾದ್ಯಾಧ್ಯಾಯದಲ್ಲಿ ಸುಷಿರವಾದ್ಯಗಳನ್ನು ಎಣಿಸುವಾಗ ಅವನು ಕಾಹಳೆಯನ್ನು ಒಂದು ಕಡೆ, ಶೃಂಗವನ್ನು ಬೇರೆ ಕಡೆ ಇಡುತ್ತಾನೆ. ಅವನ ಕಾಹಳೆ ತಾಮ್ರ, ಬೆಳ್ಳಿ ಅಥವಾ ಚಿನ್ನದ್ದು. ಮೂರು ಮೊಳ ಉದ್ದ. ಬಾಯಿ ಉಮ್ಮತ್ತಿ ಹೂವಿನಂತೆ ಅರಳಿದ್ದು. ದನಿ ‘ಹಾ’, ‘ಹೂ’. ಕೆಲಸ ವೀರರ ಬಿರುದು ಸಾರುವುದು. (ಕಹಳೆಯನ್ನು ಓಲೆಪೀಪಿಯ ವಾದ್ಯವೆಂದು ಬರೆದವರು, ಅಂಥ ವಾದ್ಯಕ್ಕೆ ಅವನು ಮಧುಕರಿ ಎಂದು ಪ್ರತ್ಯೇಕ ಹೆಸರನ್ನೇ ಇಟ್ಟಿರುವುದನ್ನು ಗಮನಿಸಲಿ.) ಅವನ ಶೃಂಗವಾದರೋ ಕೋಣದ ಕೊಂಬು.

ಇಲ್ಲಿಯೇ ಎದುರುವಾದ ಏಳುತ್ತದೆ. ಕೋಣದ ಕೊಂಬು ರಾಜಮರ್ಯಾದೆಯ ವಾದ್ಯವಾಗುವುದು ಹೇಗೆ, ಆದ್ದರಿಂದ ನಿಜಗುಣರ ಶೃಂಗವನ್ನು ಕಹಳೆಯೆಂದೇ ತಿಳಿಯಬೇಕಲ್ಲವೇ ಎಂದು ಕೇಳುತ್ತಾರೆ. ಅದೇ ಪಟ್ಟಿಯಲ್ಲಿರುವ ಶಂಖವೂ ಒಂದು ಜೀವಿಯ ಚಿಪ್ಪು. ಅದಕ್ಕೆ ಯಾರೂ ಮೂಗು ಮುರಿದಿಲ್ಲ. ಅದಕ್ಕಿಂತ ಮುಖ್ಯವಾದ ಉತ್ತರ ಕನ್ನಡದ ಮಾತಿನಲ್ಲಿಯೇ ಇದೆ. ನಮ್ಮಲ್ಲಿ ‘ಕೊಂಬು’ ಎಂದರೆ ದನದ ತಲೆಯ ಮೇಲಿನದೂ ಹೌದು, ಊದುವ ಲೋಹದ ವಾದ್ಯವೂ ಹೌದು. ತುಂಡುಗಳಾಗಿ ಎರಕಹೊಯ್ದು ಜೋಡಿಸಿದ ಈ ಬಾಗಿದ ಕೊಳವೆಯನ್ನು ಅರ್ಧಚಂದ್ರವಾಗಿಯೂ ಹಿಡಿಯಬಹುದು, ಒಂದು ಭಾಗವನ್ನು ತಿರುಗಿಸಿ ಹಾವಿನ ಬಳುಕಿನಂತೆಯೂ ಹಿಡಿಯಬಹುದು. ವಸ್ತು ಬದಲಾಯಿತು, ಬಾಗು ಉಳಿಯಿತು, ಬಾಗಿನ ಜೊತೆ ಹೆಸರೂ ಉಳಿಯಿತು. ಕನ್ನಡದಲ್ಲಿ ಬರೆಯುತ್ತ ಹೆಚ್ಚಾಗಿ ಸಂಸ್ಕೃತ ಪದಗಳ ಪಟ್ಟಿ ಕೊಟ್ಟ ನಿಜಗುಣರಿಗೆ ‘ಕೊಂಬು’ ಎನ್ನಲು ‘ಶೃಂಗ’ಕ್ಕಿಂತ ಸರಿಯಾದ ಪದ ಇರಲಿಲ್ಲ. ಕಹಳೆ ಎನ್ನಬೇಕಿದ್ದರೆ ‘ಕಾಹಳ’ ಎಂಬ ಸಂಸ್ಕೃತ ಪದ ಕೈಯಳತೆಯಲ್ಲೇ ಇತ್ತು. ಅವರು ಅದನ್ನು ಬಳಸಲಿಲ್ಲ. ಇವತ್ತಿಗೂ ನಮ್ಮ ಜನ ‘ಕೊಂಬು ಕಹಳೆ’ ಎಂದು ಜೋಡಿಯಾಗಿ ಹೇಳುವುದು ‘ತಮಟೆ ನಗಾರಿ’ ಎಂದಂತೆ, ಎರಡು ಬೇರೆ ವಾದ್ಯಗಳನ್ನು.

ವಾದ್ಯಗಳು ಬೇರೆಯಾದರೂ ಊದುವವರ ದೃಷ್ಟಿಯಿಂದ ಕೊಂಬು, ಕಹಳೆಗಳ ವಿದ್ಯೆ ಒಂದೇ. ಎರಡಕ್ಕೂ ಬೆರಳುತೂತುಗಳಿಲ್ಲ. ತುಟಿಯ ಬಿಗಿ, ಉಸಿರಿನ ಒತ್ತು ಇವಿಷ್ಟರಿಂದಲೇ ಆಧಾರ ಷಡ್ಜ, ಅದರ ಮೇಲಿನ ಷಡ್ಜ, ಪಂಚಮ, ಮತ್ತೆ ಷಡ್ಜ, ಅದರಾಚೆಗೆ ಅಂತರಗಾಂಧಾರ ಏರುತ್ತವೆ. ಶಾರ್ಙ್ಗದೇವನ ‘ಹಾ’, ‘ಹೂ’ ಅಕ್ಷರಗಳನ್ನು ಇಂಥ ಎರಡು ಮೆಟ್ಟಿಲುಗಳಿಗೆ ಊದುಗಾರರು ಇಟ್ಟುಕೊಂಡ ಬಾಯಿಲೆಕ್ಕವೆಂದೇ ನಾನು ಓದುತ್ತೇನೆ.

ಹೈದರ್ ಮತ್ತು ಟಿಪ್ಪುವಿನ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಹಿರೋಡೆ ಎಂಬ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂತು. ಹಾಗೆಂದು, ನಿಜವಾದ ಟ್ರಂಪೆಟ್ ಆಗ ಈ ಸೀಮೆಗೆ ಬಂತು, ಅದಕ್ಕೆ ಮೊದಲು ಇದ್ದದ್ದು ಒರಟು ಕೊಂಬು ಎಂಬ ಮಾತನ್ನು ಬೆಳೆಸಬೇಕಿಲ್ಲ. ಟ್ರಂಪೆಟ್ಟಿಗೆ ಎಲ್ಲ ಸ್ವರಗಳನ್ನೂ ಕೊಟ್ಟ ವಾಲ್ವಿಗೆ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಬರ್ಲಿನ್ನಿನಲ್ಲಿ ಹಕ್ಕುಪತ್ರ ಪಡೆದದ್ದು 1818ರಲ್ಲಿ, ಶ್ರೀರಂಗಪಟ್ಟಣ ಬಿದ್ದ 19 ವರ್ಷಗಳ ಮೇಲೆ. ಅಲ್ಲಿಯವರೆಗೆ ಯುರೋಪಿನ ಸೈನ್ಯದ ತುತ್ತೂರಿಗಾರನೂ ನಮ್ಮ ಕೊಂಬಿನವನೂ ಒಂದೇ ಸ್ವರಸಾಲನ್ನು ಒಂದೇ ತುಟಿಯ ವಿದ್ಯೆಯಿಂದ ಹೊರಡಿಸುತ್ತಿದ್ದರು.

ಹೊಸಹೊಳಲು, ಬಸರಾಳುಗಳ ಹೊಯ್ಸಳ ಗುಡಿಗಳಿಗೆ ಹೋಗುವ ಸಂಶೋಧಕ ಮಿತ್ರರಲ್ಲಿ ಒಂದು ಕೋರಿಕೆ. ಶಿಲ್ಪಪಟ್ಟಿಕೆಗಳಲ್ಲಿ ಊದುವವರು ಕಂಡಾಗ ‘ಕಹಳೆ’ ಎಂದು ಒಂದೇ ಮಾತಿನಲ್ಲಿ ಮುಗಿಸಬೇಡಿ. ಕೊಳವೆ ನೆಟ್ಟಗಿದೆಯೋ ಬಾಗಿದೆಯೋ ಬರೆದಿಡಿ. ಮರಳುವಾಗ ಆ ಊರಿನ ಕೊಂಬಿನವರ ಮನೆಗೂ ಹೋಗಿ, ಯಾವ ಸಂದರ್ಭಕ್ಕೆ ಯಾವ ಊದು ಎಂದು ಅವರ ಬಾಯಿಂದಲೇ ಕೇಳಿ ದಾಖಲಿಸಿ.